ಕಾರಿನ ಧೂಳು

ಕುದ್ಮುಲ್ ರಂಗರಾಯರ ಕಥೆಯನ್ನು ನಾನು ಕೇಳಿದ್ದು ಮಂಗಳೂರಿನಿಂದ ಬಹುದೂರ, ಮದ್ರಾಸಿನ ಮೈಲಾಪೂರಿನಲ್ಲಿ. ಮಂಗಳೂರಿಗೆ ಹೋದಾಗಲೆಲ್ಲ ಅವರ ಹೆಸರು ಹೊತ್ತ ಪುರಭವನದ ಮುಂದೆ ಓಡಾಡಿದ್ದೇನೆ. ನಮ್ಮಲ್ಲಿ ಕಟ್ಟಡಕ್ಕೆ ಹೆಸರಿಟ್ಟರೆ ಮುಗಿಯಿತು, ಮನುಷ್ಯನನ್ನು ಮರೆಯಲು ಪರವಾನಗಿ ಸಿಕ್ಕಿತು. ಒಳಗೆ ನಾಟಕ, ಸನ್ಮಾನ, ಪುಸ್ತಕ ಬಿಡುಗಡೆ ನಡೆಯುತ್ತಿರುತ್ತವೆ, ಹೊರಗೆ ಹೆಸರು ಆಟೋದವರಿಗೆ ಹೇಳುವ ವಿಳಾಸವಾಗಿ ಉಳಿದಿರುತ್ತದೆ.

2016ರ ಡಿಸೆಂಬರ್ 12, ಸೋಮವಾರ. ಜಯಲಲಿತಾ ತೀರಿಕೊಂಡು ವಾರವಾಗಿತ್ತಷ್ಟೆ. ಅದಕ್ಕೂ ಹಿಂದಿನ ತಿಂಗಳು ನೋಟು ರದ್ದಾಗಿ ಲಸ್ ಕಾರ್ನರಿನ ಎಟಿಎಂಗಳ ಮುಂದೆ ಸಾಲು ಇನ್ನೂ ಕರಗಿರಲಿಲ್ಲ. ಅದರ ಮೇಲೆ ವರ್ದಾ ಚಂಡಮಾರುತ. ಬೆಳಗಿನಿಂದ ಒಂದು ದಿಕ್ಕಿನಿಂದ ಬೀಸಿದ ಗಾಳಿ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತಿತು. ಚಂಡಮಾರುತದ ಕಣ್ಣು ನಮ್ಮ ಮೇಲೆಯೇ ಹಾದುಹೋಗುತ್ತಿದೆ ಎಂದು ತಿಳಿಯದ ಜನ ಮುಗಿಯಿತೆಂದು ಬೀದಿಗೆ ಇಳಿದರು. ಸ್ವಲ್ಪ ಹೊತ್ತಿಗೆ ಅದೇ ಗಾಳಿ ಎದುರು ದಿಕ್ಕಿನಿಂದ ತಿರುಗಿಬಂತು. ಮೊದಲ ಹೊಡೆತಕ್ಕೆ ಬೇರು ಸಡಿಲವಾಗಿದ್ದ ಮರಗಳೆಲ್ಲ ಎರಡನೆಯದಕ್ಕೆ ಮಲಗಿದವು. ಸಂಜೆಯ ಹೊತ್ತಿಗೆ ಕರೆಂಟಿಲ್ಲ, ಫೋನಿಗೆ ಟವರಿಲ್ಲ, ಕಚೇರಿ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ.

ನಾವಿದ್ದದ್ದು ಆ ರಸ್ತೆಗೆ ಸೇರುವ ಒಂದು ಗಲ್ಲಿಯ ಹಳೇ ಮನೆಯಲ್ಲಿ. ಮನೆಯನ್ನು ಮೂರು ಪೋರ್ಷನ್ ಮಾಡಿದ್ದರು. ಮಹಡಿಯ ಮೇಲೆ ಮಾಮಾ, ಬ್ಯಾಂಕಿನಿಂದ ನಿವೃತ್ತರಾದವರು, ಮಲ್ಲೇಶ್ವರದಲ್ಲಿ ಬಹಳ ವರ್ಷ ಇದ್ದು ಕನ್ನಡವನ್ನು ನಮಗಿಂತ ಅಚ್ಚುಕಟ್ಟಾಗಿ ಆಡುವವರು. ಕೆಳಗೆ ಎಡಕ್ಕೆ ನಾವು. ಬಲಕ್ಕೆ ಟೀಚರ್, ಮಗ ಸೊಸೆಯ ಜೊತೆ. ಮಂಗಳೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಅವರನ್ನು ಮನೆಯೊಡೆಯನಿಂದ ಹಾಲಿನವನವರೆಗೆ ಎಲ್ಲರೂ ಟೀಚರ್ ಅನ್ನುತ್ತಿದ್ದರು. ಅವರ ಹೆಸರು ಲೆಟರ್ ಬಾಕ್ಸಿನ ಮೇಲೆ ಮಾತ್ರ ಇತ್ತು.

ಆ ರಾತ್ರಿ ಬೆಂಕಿ ಹೊತ್ತಿಸಿದ್ದೂ ಅವರೇ. ಮೂಲೆಯ ಇಸ್ತ್ರಿ ಅಂಗಡಿಯ ಟಾರ್ಪಾಲು ಹಾರಿಹೋಗಿ ಇಸ್ತ್ರಿಯವನು, ಹೆಂಡತಿ, ಒಂಬತ್ತನೇ ಕ್ಲಾಸಿನ ಮಗ ನಮ್ಮ ಜಗುಲಿಗೆ ಬಂದು ಕೂತಿದ್ದರು. ಅವನ ಬಳಿ ನೆನೆಯದ ಅರ್ಧ ಮೂಟೆ ಇದ್ದಿಲು ಉಳಿದಿತ್ತು. ಟೀಚರ್ ಅಟ್ಟದಿಂದ ಹಳೆಯ ಅಗ್ಗಿಷ್ಟಿಕೆ ಇಳಿಸಿ, ಕೆಂಡ ಮಾಡಿ, ಊರಿಂದ ತಂದ ಹಲಸಿನ ಹಪ್ಪಳ ಸುಡಲು ಕೂತರು. ಚಳಿಯೇನೂ ಇರಲಿಲ್ಲ, ಮದ್ರಾಸಿನಲ್ಲಿ ಅದೆಲ್ಲಿ. ಆದರೂ ಬೆಂಕಿ ಇದ್ದಲ್ಲಿ ಜನ ಸೇರುತ್ತಾರೆ. ಮಾಮಾ ಟಾರ್ಚು ಹಿಡಿದು ಇಳಿದು ಬಂದರು. ಟೀಚರ್ ಮಗ ಮಾತ್ರ ಗಲ್ಲಿಯ ತುದಿಯಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ಕಾರಿನ ಮೇಲೆ ಗುಲ್‌ಮೊಹರ್ ಮರ ಬಿದ್ದಿತ್ತು.

"ನಿಮ್ಮೂರಲ್ಲಿ ಇಂಥ ಮಳೆ ಮಾಮೂಲಲ್ಲವೆ ಟೀಚರಮ್ಮ?" ಎಂದು ಮಾಮಾ ಶುರುಮಾಡಿದರು.

"ಮಳೆ ಉಂಟು ಸಾರ್, ಇಂಥ ಗಾಳಿ ಇಲ್ಲ," ಅಂದರು ಟೀಚರ್. "ಜೂನ್ ಬಂತೆಂದರೆ ಶಾಲೆ, ಶಾಲೆ ಬಂತೆಂದರೆ ಮಳೆ. ನನ್ನ ಅಜ್ಜ ಹೇಳುತ್ತಿದ್ದರು, ಮಳೆಗೆ ಹೆದರಿ ಶಾಲೆ ಬಿಟ್ಟವರು ಯಾರೂ ಇಲ್ಲ, ಮನುಷ್ಯರಿಗೆ ಹೆದರಿ ಬಿಟ್ಟವರೇ ಎಲ್ಲ ಅಂತ."

ಅಲ್ಲಿಂದ ಹಿಡಿಯಿತು ಕಥೆ. ಅವರ ಮುತ್ತಜ್ಜ ಮೂಲದ ಆಳು. ಭೂಮಿ ಮಾರಿದರೆ ಆಳೂ ಜೊತೆಗೆ ಹೋಗುತ್ತಿದ್ದ ಕಾಲದ ನೆನಪು ಇನ್ನೂ ಹಸಿಯಾಗಿತ್ತು. ಅವನ ಮಗ, ಅಂದರೆ ಟೀಚರ ಅಜ್ಜ, ರಂಗರಾಯರ ಶಾಲೆಗೆ ಹೋದ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಎಳೆಯದರಲ್ಲೇ ತಂದೆ ಹೋಗಿ, ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು, ಮಾಸ್ತರಿಕೆ ಮಾಡಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಮಂಗಳೂರಿನಲ್ಲಿ 1870ರಿಂದ ಬ್ರಹ್ಮಸಮಾಜ ಇತ್ತು, ಅದಕ್ಕೆ ಸೇರಿದರು. ಕೋರ್ಟಿನಲ್ಲಿ ಒಂದು ಸಂಗತಿ ನಡೆಯಿತೆಂದು ಮಂಗಳೂರಿನವರು ಹೇಳುತ್ತಾರೆ. ನಾಲ್ಕಕ್ಷರ ಕಲಿತ ಬೆಂದೂರು ಬಾಬು ಎಂಬ ದಲಿತ ಹುಡುಗನಿಗೆ ಜವಾನನ ಕೆಲಸ ಸಿಕ್ಕಿತು. ಅವನು ಒಳಗೆ ಓಡಾಡುವುದನ್ನು ಮೇಲ್ಜಾತಿಯವರು ಸಹಿಸಲಿಲ್ಲ.

"ಅಜ್ಜ ಅದನ್ನು ಹೇಳುವಾಗ ಸ್ವರ ಏರಿಸುತ್ತಿರಲಿಲ್ಲ," ಅಂದರು ಟೀಚರ್. "ಕಾಗದ ಮುಟ್ಟಿದರೆ ಕಾನೂನು ಮೈಲಿಗೆ ಆಗ್ತದಾ ಅಂತ ಮಾತ್ರ ಕೇಳುತ್ತಿದ್ದರು."

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ರಂಗರಾಯರು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗೆ ಶಾಲೆ ತೆರೆದರು. ಬಾಡಿಗೆ ಕೊಟ್ಟವರಿಗೆ ಸುದ್ದಿ ಮುಟ್ಟಿತು, ಶಾಲೆ ಎದ್ದಿತು. ಇನ್ನೊಂದು ಕಡೆ ಹಿಡಿದರು, ಅಲ್ಲಿಂದಲೂ ಎದ್ದಿತು. ಕಂಕನಾಡಿ, ಬೋಳೂರು, ಅತ್ತಾವರ ಎಂದು ಸುತ್ತಿತು. ಶಾಲೆಗೆ ಮಕ್ಕಳು ಸಿಕ್ಕಿದರೂ ಮಾಸ್ತರು ಸಿಗಲಿಲ್ಲ. ಮೇಲ್ಜಾತಿಯ ಹಿಂದೂ ಮಾಸ್ತರುಗಳು ಒಲ್ಲೆ ಅಂದಾಗ ಬಂದವರು ಕ್ರಿಶ್ಚಿಯನ್ ಮಾಸ್ತರುಗಳು. ಬಾಸೆಲ್ ಮಿಷನ್ 1834ರಿಂದ ಊರಿನಲ್ಲಿತ್ತು, ಓದು ಕಲಿತವರು ಅಲ್ಲಿದ್ದರು.

"ಈಗ ಕೇಳಿ," ಅಂದರು ಟೀಚರ್, ಹಪ್ಪಳ ಮಗುಚುತ್ತ. "ಎಲ್ಲರೂ ಶಾಲೆ ತೆರೆದ, ಶಾಲೆ ತೆರೆದ ಅಂತಾರೆ. ಬಾಗಿಲು ತೆರೆಯುವುದು ಎಂತ ದೊಡ್ಡದು? ಏಳು ವರ್ಷದ ಹುಡುಗ ದನ ಕಾಯ್ತಾನೆ, ಸಂಜೆಗೆ ಅವನ ಪಾಲಿನ ಗಂಜಿ ಬರ್ತದೆ. ಅವನನ್ನು ಶಾಲೆಗೆ ಕಳಿಸಿದರೆ ಆ ಗಂಜಿ ಯಾರು ಕೊಡುವುದು? ಇದು ರಂಗರಾಯರಿಗೆ ಹೊಳೆದದ್ದು ನೋಡಿ, ಅದು ದೊಡ್ಡದು. ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿದರು. ಕಳಿಸಿದ ಮನೆಗೆ ಚಿಲ್ಲರೆ ದುಡ್ಡು ಕೊಟ್ಟರು. ನನ್ನ ಮುತ್ತಜ್ಜ ಮಗನನ್ನು ಕಳಿಸಿದ್ದು ವಿದ್ಯೆಯ ಆಸೆಗಲ್ಲ, ಆ ದುಡ್ಡಿಗೆ. ಅದನ್ನು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ."

ಮಾಮಾ ನೆಟ್ಟಗೆ ಕೂತರು. "ಶಾಲೆಯಲ್ಲಿ ಊಟ ಹಾಕಿದ್ದು ಮೊದಲು ನಮ್ಮ ಮದ್ರಾಸು. 1920, ತ್ಯಾಗರಾಯ ಚೆಟ್ಟಿಯಾರ್, ಥೌಸಂಡ್ ಲೈಟ್ಸ್ ಕಾರ್ಪೊರೇಷನ್ ಶಾಲೆ. ಆಮೇಲೆ ಕಾಮರಾಜ್. ಆಮೇಲೆ ಎಂಜಿಆರ್."

"ಅದು ಸರ್ಕಾರದ್ದು ಸಾರ್. ನಾನು ಹೇಳುವುದು ಒಬ್ಬ ವಕೀಲನ ಕಿಸೆಯದ್ದು."

"ಕಾಲ ಯಾವುದು?"

"ಚೆಟ್ಟಿಯಾರಿಗಿಂತ ಮುಂಚೆ."

ಇಸ್ತ್ರಿಯವನ ಮಗನಿಗೆ ಇದೊಂದು ಕ್ರಿಕೆಟ್ ಪಂದ್ಯವಾಗಿ ಕಂಡಿರಬೇಕು. ಟೀಚರ್ ಅವನಿಗಾಗಿ ಮಧ್ಯೆ ಮಧ್ಯೆ ತಮ್ಮ ಮುರುಕು ತಮಿಳಿನಲ್ಲಿ ಹೇಳುತ್ತಿದ್ದರು. ಅವನು ಎಂಜಿಆರ್ ಹೆಸರಿಗೆ ತಲೆಯಾಡಿಸಿದ, ರಂಗರಾಯರ ಹೆಸರಿಗೆ ಹಪ್ಪಳ ತಿಂದ.

ಮಾಮಾ ಸೋಲೊಪ್ಪುವವರಲ್ಲ. ಇಲ್ಲೂ ಆಗಲೇ ಇಂಥ ಕೆಲಸ ನಡೆದಿತ್ತು ಎಂದರು. ಅದು ನಿಜವೇ. ಆಗ ಮಂಗಳೂರೂ ಮೈಲಾಪೂರೂ ಒಂದೇ ಮದ್ರಾಸು ಸರ್ಕಾರದ ಕೈಕೆಳಗಿದ್ದವು. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಅಲ್ಲಿನ ದಲಿತರಾದ ಪರೆಯರ ಸ್ಥಿತಿಯ ಬಗ್ಗೆ ಬರೆದ ವರದಿಯಿಂದಾಗಿ 1892ರಲ್ಲಿ ಭೂಮಿ ಕೊಡುವ ಆದೇಶ ಹೊರಟಿತು. ಚಿಲಿಂಬಿ ಶಾಲೆಯ ವರ್ಷವೂ ಅದೇ. ಎರಡು ವರ್ಷಕ್ಕೆ ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಊರೂರಿನ ಬಳಿ ಪಂಚಮರ ಮಕ್ಕಳಿಗೆ ಉಚಿತ ಶಾಲೆ ತೆರೆದ. ಅವನು ಅಮೆರಿಕದವನು, ಗುಲಾಮಗಿರಿಗೆ ಕೊನೆಹಾಡಿದ ಅಂತರ್ಯುದ್ಧದಲ್ಲಿ ಉತ್ತರದವರ ಪರ ದುಡಿದವನು. ಮುಂದೆ ಅಂಥ ಇನ್ನಷ್ಟು ಶಾಲೆಗಳಾದವು, ಮೈಲಾಪೂರಿನದಕ್ಕೆ ತಿರುವಳ್ಳುವರ್ ಹೆಸರು. ಇಲ್ಲಿಗೆ ಹತ್ತಿರದ ರಾಯಪೇಟೆಯಲ್ಲಿ ಅಯೋತಿದಾಸ್ ಪಂಡಿತರು 1898ರಲ್ಲಿ ಬೌದ್ಧ ಸಂಘ ಕಟ್ಟಿದರು, 1907ರಿಂದ ಪತ್ರಿಕೆ ನಡೆಸಿದರು. ಅವರು ಹೋದ ಮೇಲೆ ಆ ಪತ್ರಿಕೆಯನ್ನು ಮತ್ತೆ ಹೊರಡಿಸಿದವರು ನಮ್ಮ ಕೋಲಾರ ಚಿನ್ನದ ಗಣಿಯ ಕಾರ್ಮಿಕರ ನಡುವಿನವರು. ದುಡಿಮೆಗೆ ಹೋದವರು ತಮ್ಮ ಜೊತೆ ಪುಸ್ತಕವನ್ನೂ ಒಯ್ದಿದ್ದರು.

"ಆಲ್ಕಾಟನ ಶಾಲೆಯಲ್ಲಿ ಅಡುಗೆಯನ್ನೂ ಕಲಿಸುತ್ತಿದ್ದರು," ಎಂದು ಮಾಮಾ ಒಂದು ಮಾತು ತೇಲಿಬಿಟ್ಟರು. "ದೊರೆಗಳ ಮನೆಯಲ್ಲಿ ಕೆಲಸ ಸಿಗಲಿ ಅಂತ."

"ನಮ್ಮಲ್ಲಿ ಮಗ್ಗ, ಮರಗೆಲಸ," ಅಂದರು ಟೀಚರ್. "ಅಜ್ಜ ಕೊಡಿಯಾಲ್‌ಬೈಲಿನಲ್ಲಿ ನೇಯ್ಗೆ ಕಲಿತರು."

ಇಲ್ಲಿ ನನ್ನ ಒಂದು ಮಾತು ಸೇರಿಸುತ್ತೇನೆ, ಆ ರಾತ್ರಿ ಹೊಳೆದದ್ದಲ್ಲ, ಆಮೇಲೆ ಓದಿದ್ದು. ಇದೇ ಕಾಲಕ್ಕೆ ಅಮೆರಿಕದ ಅಲಬಾಮಾದಲ್ಲಿ, ಗುಲಾಮನಾಗಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ ಕರಿಯರ ಮಕ್ಕಳಿಗೆ ಟಸ್ಕೀಗಿ ಶಾಲೆ ನಡೆಸುತ್ತಿದ್ದರು. 1881ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳು ತಾವೇ ಇಟ್ಟಿಗೆ ಸುಟ್ಟು ತಮ್ಮ ಶಾಲೆ ಕಟ್ಟಿಕೊಂಡರು. ಮೊದಲು ಕೈಕಸುಬು, ಅನ್ನ, ಆಮೇಲೆ ಉಳಿದದ್ದು ಎಂಬುದು ಅವರ ಲೆಕ್ಕ. 1903ರಲ್ಲಿ ಕರಿಯರ ಇನ್ನೊಬ್ಬ ಮುಂದಾಳು ಡುಬೋಯ್ಸ್ ಅದನ್ನು ನೇರವಾಗಿ ಎದುರಿಸಿ ಬರೆದರು: ಹೀಗೆ ಮಾಡಿದರೆ ಕರಿಯರು ಎಂದೆಂದಿಗೂ ಕೂಲಿಗಳಾಗಿಯೇ ಉಳಿಯುತ್ತಾರೆ, ಓಟು ಬೇಕು, ಕಾಲೇಜು ಬೇಕು ಎಂಬುದು ಅವರ ವಾದ. ನಮ್ಮಲ್ಲಿ ಇಂಥ ಜಗಳ ರಂಗರಾಯರ ಸುತ್ತ ನಡೆಯಲೇ ಇಲ್ಲ, ನಡೆಯಬೇಕಿತ್ತು. ಸಂತರ ಪಟ್ಟಕ್ಕೆ ಏರಿಸಿದವರ ಜೊತೆ ವಾದ ಮಾಡಲು ನಾವು ಹಿಂಜರಿಯುತ್ತೇವೆ. ಟೀಚರನ್ನು ಮರುದಿನ ಈ ಬಗ್ಗೆ ಕೇಳಿದೆ. "ಹೊಟ್ಟೆ ತುಂಬಿದವರಿಗೆ ಇಬ್ಬರೂ ಸರಿ," ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ಮಗ್ಗದಿಂದ ಅಜ್ಜನನ್ನು ಎಬ್ಬಿಸಿದ್ದು ಮಗ್ಗವಲ್ಲ, ಅದರ ಪಕ್ಕದಲ್ಲಿದ್ದ ಸ್ಲೇಟು.

ಬೆಲೆ ರಂಗರಾಯರೂ ತೆತ್ತರು. ಜಾತಿಯವರು ಹೊರಗಿಟ್ಟರು. ಮನೆಯವರೂ ಅದನ್ನು ಅನುಭವಿಸಬೇಕಾಯಿತು. ಅದನ್ನು ಟೀಚರ್ ಬೇಗ ದಾಟಿದರು. "ಅವರ ಕಷ್ಟದ್ದು ಎಲ್ಲ ಪುಸ್ತಕದಲ್ಲಿ ಉಂಟು. ಶಾಲೆಗೆ ಬಂದ ಮೊದಲ ಹುಡುಗ ಯಾರು, ಅವನ ಮನೆಗೆ ರಾತ್ರಿ ಯಾರು ಬಂದರು, ಅದು ಯಾವ ಪುಸ್ತಕದಲ್ಲಿ ಉಂಟು?" ಎಂದು ಕೇಳಿ ಉತ್ತರಕ್ಕೆ ಕಾಯದೆ ಇನ್ನೊಂದು ಹಪ್ಪಳ ಕೆಂಡಕ್ಕಿಟ್ಟರು.

ಮಾತು ಬಿಸಿಯಾದದ್ದು ರಂಗರಾಯರ ಮಗಳ ಹೆಸರು ಬಂದಾಗ. ರಾಧಾಬಾಯಿ, 1891ರಲ್ಲಿ ಹುಟ್ಟಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿಗೂ ಹೋದರು. 1912ರಲ್ಲಿ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸಾರಸ್ವತ ಹುಡುಗಿ, ಗೌಂಡರ್ ಹುಡುಗ. ಮಾಮಾಗೆ ಆ ಮನೆತನವೆಲ್ಲ ಬೆರಳ ತುದಿಯಲ್ಲಿ. ಮಗ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥ, ಇನ್ನೊಬ್ಬ ಮಗ ಮೋಹನ್ ಇಂದಿರಾ ಗಾಂಧಿಯ ಮಂತ್ರಿ, ಮಗಳು ಪಾರ್ವತಿ ಕಮ್ಯುನಿಸ್ಟ್ ಎಂಪಿ. ಆದರೆ ಇವರೆಲ್ಲರ ಅಜ್ಜ ಚಿಲಿಂಬಿಯ ಶಾಲೆಯ ರಂಗರಾಯರು ಎಂಬುದು ಮಾಮಾಗೆ ಆ ರಾತ್ರಿಯ ಸುದ್ದಿ. ಬ್ಯಾಂಕಿನ ಲೆಡ್ಜರಿನಲ್ಲಿ ಕಾಣೆಯಾಗಿದ್ದ ಎಂಟ್ರಿ ಸಿಕ್ಕಿದಂತೆ ಅವರ ಮುಖ ಅರಳಿತು.

"ಸುಬ್ಬರಾಯನ್ ಮಿನಿಸ್ಟ್ರಿ!" ಎಂದರು. ಅಲ್ಲಿಗೆ ಮುಖ ಸ್ವಲ್ಪ ಬಾಡಿತು ಕೂಡ.

ಕಾರಣ ಇದು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸು ಪ್ರೆಸಿಡೆನ್ಸಿಯ ಮುಖ್ಯ ಸಚಿವರು. ಅವರ ಸಂಪುಟದಲ್ಲಿದ್ದ ಮುತ್ತಯ್ಯ ಮುದಲಿಯಾರ್ ಕಾಲದಲ್ಲಿ ಕಮ್ಯುನಲ್ ಜಿ.ಓ. ಜಾರಿಗೆ ಬಂತು. ಸರ್ಕಾರಿ ನೌಕರಿಯನ್ನು ಹನ್ನೆರಡು ಪಾಲು ಮಾಡಿ ಹಂಚುವ ಆದೇಶ. ಬ್ರಾಹ್ಮಣೇತರ ಹಿಂದೂಗಳಿಗೆ ಐದು, ಬ್ರಾಹ್ಮಣರಿಗೆ ಎರಡು, ಮುಸಲ್ಮಾನರಿಗೆ ಎರಡು, ಆಂಗ್ಲೋ ಇಂಡಿಯನ್ನರಿಗೂ ಕ್ರಿಶ್ಚಿಯನ್ನರಿಗೂ ಸೇರಿ ಎರಡು, ದಲಿತರಿಗೆ ಒಂದು. ಮೈಲಾಪೂರಿನ ಎಷ್ಟೋ ಮನೆಗಳಲ್ಲಿ ಈ ಆದೇಶದ ನೆನಪು ಇವತ್ತಿಗೂ ಒಂದು ಗಾಯದ ಹಾಗೆ. ಮಾಮಾರ ಅಪ್ಪ ಊರು ಬಿಟ್ಟು ಬೊಂಬಾಯಿಗೆ ಹೋದದ್ದು, ಅಲ್ಲೇ ಸವೆದದ್ದು ಎಲ್ಲ ಅದರಿಂದ ಎಂಬುದು ಅವರ ಮನೆಯ ಕಥೆ. ಅದನ್ನು ಅವರು ಹೇಳಿದರು, ಒರಟಾಗಿ ಅಲ್ಲ. "ಬಿ.ಎ. ಫಸ್ಟ್ ಕ್ಲಾಸ್, ಟೀಚರಮ್ಮ. ಇಲ್ಲಿ ಗುಮಾಸ್ತೆ ಕೆಲಸ ಸಿಗಲಿಲ್ಲ."

ಟೀಚರ್ ಹಪ್ಪಳವನ್ನು ಕೆಂಡದಿಂದ ತೆಗೆದು ಬದಿಗಿಟ್ಟರು. "ಹನ್ನೆರಡರಲ್ಲಿ ಒಂದು, ಸಾರ್," ಅಂದರು.

"ಗೊತ್ತು."

"ಆ ಒಂದಕ್ಕೂ ಬರಲಿಕ್ಕೆ ನಾಲ್ಕಕ್ಷರ ಕಲಿತವರು ಬೇಕಲ್ಲ? ಅವರು ಎಲ್ಲಿಂದ ಬರುವುದು? ಮಾವ ಅಲ್ಲಿ ಮಂಗಳೂರಿನಲ್ಲಿ ಮಕ್ಕಳನ್ನು ತಯಾರು ಮಾಡಿದರು, ಅಳಿಯ ಇಲ್ಲಿ ಬಾಗಿಲಿಗೆ ಒಂದು ಸಂದು ಬಿಟ್ಟರು. ನನ್ನ ಅಪ್ಪ ಆ ಸಂದಿನಲ್ಲಿ ನುಗ್ಗಿದವರು. ಪಂಚಾಯತಿನಲ್ಲಿ ಕ್ಲಾರ್ಕು. ನಿಮ್ಮ ಅಪ್ಪ ಬೊಂಬಾಯಿಗೆ ಹೋಗಿ ಕೆಟ್ಟರಾ?"

ಮಾಮಾ ಯೋಚಿಸಿದರು. "ಕೆಡಲಿಲ್ಲ. ಮಾಟುಂಗದಲ್ಲಿ ಒಂದು ಫ್ಲ್ಯಾಟು ತೆಗೆದುಕೊಂಡರು."

ಇಸ್ತ್ರಿಯವನಿಗೆ ಕನ್ನಡ ಬರದಿದ್ದರೂ ಮಾಟುಂಗ, ಫ್ಲ್ಯಾಟು ಎಂಬೆರಡು ಶಬ್ದ ತಿಳಿದವು, ಮೊದಲು ಅವನು ನಕ್ಕ. ಆಮೇಲೆ ಮಾಮಾರೂ. ಅವರ ಅಪ್ಪನ ನೋವು ಸುಳ್ಳೆಂದು ನಾನು ಹೇಳಲಾರೆ. ಫಸ್ಟ್ ಕ್ಲಾಸ್ ಪಡೆದ ಹುಡುಗನಿಗೆ ಲೆಕ್ಕದ ಕಾಗದವೊಂದು ಬಾಗಿಲು ಹಾಕಿದರೆ ನೋಯುತ್ತದೆ. ಆದರೆ ಅವರ ಬಳಿ ರೈಲಿನ ಚಾರ್ಜಿತ್ತು, ಬೊಂಬಾಯಿಯಲ್ಲಿ ನೆಂಟರಿದ್ದರು, ಕೈಯಲ್ಲಿ ಡಿಗ್ರಿಯಿತ್ತು. ಬೆಂದೂರು ಬಾಬುವಿಗೆ ಹೋಗಲು ಯಾವ ಬೊಂಬಾಯಿಯಿತ್ತು?

1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತು. ಭಾರತದ ಹೆಂಗಸರ ಪರವಾಗಿ ಹೋದವರು ಇಬ್ಬರು, ಬೇಗಂ ಷಾನವಾಜ್ ಮತ್ತು ರಾಧಾಬಾಯಿ ಸುಬ್ಬರಾಯನ್. ಅದೇ ಪರಿಷತ್ತಿನಲ್ಲಿ ದಲಿತರ ಪರವಾಗಿ ಕೂತಿದ್ದವರೂ ಇಬ್ಬರು: ಅಂಬೇಡ್ಕರ್, ಮತ್ತು ಮದ್ರಾಸಿನ ರೆಟ್ಟಮಲೈ ಶ್ರೀನಿವಾಸನ್. ಮಂಗಳೂರಿನ ದಲಿತ ಮಕ್ಕಳಿಗಾಗಿ ಬಾಡಿಗೆ ಮನೆ ಹುಡುಕುತ್ತ ಅಲೆದ ವಕೀಲನ ಮಗಳು ಅಂಬೇಡ್ಕರರೊಂದಿಗೆ ಒಂದೇ ಸಭೆಯಲ್ಲಿ. ಇದನ್ನು ನಾನು ಹೇಳಿದಾಗ ಟೀಚರ್ ತಲೆ ಅಲ್ಲಾಡಿಸಿದರು, ಮೆಚ್ಚುಗೆಯಿಂದಲ್ಲ. "ಮಗಳನ್ನು ಕಳಿಸಿದ್ದು ಸರಿ. ಆ ಶಾಲೆಯಿಂದ ಒಬ್ಬ ಹುಡುಗಿ ಲಂಡನ್ನಿಗೆ ಹೋಗಲಿಕ್ಕೆ ಎಷ್ಟು ವರ್ಷ ಬೇಕಾಯಿತು, ಅದನ್ನು ಯಾರಾದರೂ ಲೆಕ್ಕ ಹಾಕಿ."

ರಂಗರಾಯರು ಅದನ್ನೆಲ್ಲ ನೋಡಲಿಲ್ಲ. ಕಟ್ಟಿದ ಸಂಸ್ಥೆಯನ್ನು ಗೋಖಲೆಯವರ ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಕೊನೆಯಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. ಬ್ರಹ್ಮಸಮಾಜದ ವಕೀಲರಿಗೆ ಕಾವಿ ಯಾಕೆ ಬೇಕಾಯಿತೋ, ನನಗೆ ಅದೊಂದು ಒಗಟು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಹೆಣವನ್ನು ತೋಟಿ ಕೆಲಸದವರೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು. ನಂದಿಗುಡ್ಡೆಯಲ್ಲಿ ಸಮಾಧಿ. 1934ರ ಫೆಬ್ರವರಿಯಲ್ಲಿ ಗಾಂಧಿ ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ಕೊಂಡಾಡಿದರು.

ಅವರ ಇನ್ನೊಂದು ಆಸೆ ಸಮಾಧಿಯ ಮೇಲೆಯೇ ಕೆತ್ತಿದೆ, ಮಂಗಳೂರಿನವರಿಗೆ ಬಾಯಿಪಾಠ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಹುಡುಗ ದೊಡ್ಡ ಹುದ್ದೆಗೆ ಏರಬೇಕು, ಊರಿನ ದಾರಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರೆಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಬದುಕು ಸಾರ್ಥಕ ಎಂಬ ಅರ್ಥದ ಮಾತು. ಟೀಚರ್ ಅದನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಇಸ್ತ್ರಿಯವನ ಮಗನಿಗೆ ತಮಿಳಿನಲ್ಲಿ ಹೇಳಿದರು. ಹುಡುಗ ಎದ್ದು ಗಲ್ಲಿಯ ತುದಿಗೆ ಕಣ್ಣು ಹಾಯಿಸಿದ. ಕತ್ತಲಲ್ಲಿ ಗುಲ್‌ಮೊಹರಿನ ಕೊಂಬೆಗಳ ಅಡಿಯಲ್ಲಿ ಟೀಚರ್ ಮಗನ ಕಾರಿನ ಹಿಂಬದಿ ಮಾತ್ರ ಕಾಣುತ್ತಿತ್ತು.

"ಅಂದರೆ ಆ ಕಾರು ಇದೇ?" ಎಂದು ಕೇಳಿದ.

ಮಾಮಾ ಜೋರಾಗಿ ನಕ್ಕರು. "ಇದೇ ಕಣಪ್ಪ. ಆದರೆ ಧೂಳೆಬ್ಬಿಸುವ ಸ್ಥಿತಿಯಲ್ಲಿಲ್ಲ."

"ಅಜ್ಜ ನಡೆದೇ ಓಡಾಡಿದರು," ಅಂದರು ಟೀಚರ್. "ಅಪ್ಪ ಸೈಕಲ್ಲು. ನಾನು ರಿಟೈರ್ ಆಗುವವರೆಗೆ ಬಸ್ಸು, ಅದೂ ಹೆಚ್ಚಾಗಿ ನಿಂತುಕೊಂಡೇ. ಕಾರು ಇವನ ಕಾಲಕ್ಕೆ ಬಂತು. ಅದರದ್ದು ಇನ್ನೂ ಮೂರು ವರ್ಷದ ಕಂತು ಉಂಟು ಸಾರ್. ಅಲ್ಲಿಯವರೆಗೆ ಧೂಳೂ ಬ್ಯಾಂಕಿನದ್ದೇ."

ಅಷ್ಟರಲ್ಲಿ ಮಗ ಬಂದ. ಇನ್ಶೂರೆನ್ಸಿನವರ ಫೋನು ಕೊನೆಗೂ ತಾಗಿತಂತೆ, ಮರ ತೆಗೆಯುವ ಮುಂಚೆ ಫೋಟೋ ತೆಗೆದಿಡಿ ಎಂದರಂತೆ. ಮಾಮಾರೊಳಗಿನ ಬ್ಯಾಂಕಿನವನು ಎದ್ದು ಕೂತ. ಸಾಲಕ್ಕೆ ಬಡ್ಡಿ ಎಷ್ಟು ಪರ್ಸೆಂಟು ಎಂದು ಕೇಳಿದರು. ಮಗ ಹೇಳಿದ. ಅದು ಹೆಚ್ಚಾಯಿತು, ನನ್ನನ್ನು ಮೊದಲೇ ಕೇಳಬಾರದಿತ್ತೆ ಎಂದು ಮಾಮಾ ಬೈದರು. ಅಲ್ಲಿಂದ ಮುಂದೆ ರಾತ್ರಿ ಪೂರ್ತಿ ಕಾರಿನ ಸಾಲದ್ದೇ ಮಾತು.